ಹೂವಿನ ನೀರು ಎಲ್ಲಿ ಹೋಯಿತು?

ಮಂಗಳೂರಿನ ಹಂಪನಕಟ್ಟೆ ಅಂದರೆ ಸಿಟಿ ಬಸ್ಸುಗಳ ಸಾಲು, ಕೆ.ಎಸ್. ರಾವ್ ರಸ್ತೆಯ ಅಂಗಡಿಗಳು, ಮಿಲಾಗ್ರಿಸ್ ಚರ್ಚು, 1868ರಲ್ಲಿ ಶುರುವಾದ ಹಳೆಯ ಸರಕಾರಿ ಕಾಲೇಜು. ಈಗ ಅದು ವಿಶ್ವವಿದ್ಯಾನಿಲಯ ಕಾಲೇಜು. ಇಷ್ಟು ಗದ್ದಲದ ಜಾಗದಲ್ಲಿ ಜೇನ್ನೊಣಕ್ಕೆ ಏನು ಕೆಲಸ? ಬೇಸಿಗೆಯ ಮಧ್ಯಾಹ್ನ ಯಾವುದಾದರೂ ಕಬ್ಬಿನಹಾಲಿನ ಅಂಗಡಿಯ ಹತ್ತಿರ ಒಂದು ನಿಮಿಷ ನಿಂತು ನೋಡಿ ಮಕ್ಕಳೇ. ಹಿಂಡಿ ಬಿಸಾಡಿದ ಜಲ್ಲೆಯ ಮೇಲೆ, ಲೋಟದ ಅಂಚಿನ ಮೇಲೆ ಕಂದು ಬಣ್ಣದ ನೊಣಗಳು ಕೂತಿರುತ್ತವೆ. ಅವು ಜೇನ್ನೊಣಗಳು. ಒಂದು ಕಿಲೋಮೀಟರು ದೂರದಿಂದಲೂ ಸಿಹಿ ಹುಡುಕಿಕೊಂಡು ಬರುತ್ತವೆ.

ನೊಣ ಕಬ್ಬಿನಹಾಲು ಕುಡಿದು ಹೋಗಿ ಗೂಡಿನಲ್ಲಿ ತುಂಬಿಸಿದರೆ ಅದು ಜೇನುತುಪ್ಪ ಆಗುತ್ತದೆಯೇ? ಆಗುವುದಿಲ್ಲ. ಗಿಡ ತಾನಾಗಿ ಒಸರಿಸಿದ ಸಿಹಿರಸವನ್ನು ನೊಣ ತಂದು, ತನ್ನ ರಸಗಳನ್ನು ಸೇರಿಸಿ, ನೀರು ಕಳೆದು, ಗೂಡಿನಲ್ಲಿ ಹಣ್ಣಾಗಿಸಿದ್ದೇ ಜೇನುತುಪ್ಪ. ಇದರಲ್ಲಿ ‘ನೀರು ಕಳೆದು’ ಎಂಬ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಜೇನು ಏಕೆ ಕೆಡುವುದಿಲ್ಲ, ಒಂದು ಬಾಟಲಿಯದು ತೆಳ್ಳಗೆ ಇನ್ನೊಂದರದ್ದು ಮಂದ ಏಕೆ, ಕೆಮ್ಮಿಗೂ ಗಾಯಕ್ಕೂ ಅದು ಹೇಗೆ ಒದಗುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಆ ನೀರಿನ ಲೆಕ್ಕದಲ್ಲೇ ಇದೆ.

ಹೂವಿನೊಳಗಿನ ಮಕರಂದ ಬಹಳ ತೆಳು. ಹೆಚ್ಚಿನ ಹೂಗಳ ಮಕರಂದದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ನೊಣ ಅದನ್ನು ನಳಿಗೆಯಂಥ ಬಾಯಿಯಿಂದ ಹೀರಿ ಒಂದು ಸಣ್ಣ ಚೀಲಕ್ಕೆ ತುಂಬಿಸುತ್ತದೆ. ಈ ಚೀಲ ಅದರ ಊಟದ ಹೊಟ್ಟೆಯಲ್ಲ, ಹೊಟ್ಟೆಗೆ ಮೊದಲೇ ಇರುವ ಬೇರೆ ಕೋಣೆ. ನಡುವೆ ಒಂದು ಕವಾಟ ಇರುವುದರಿಂದ ಮನೆಗೆ ಒಯ್ಯುವ ರಸ ಹೊಟ್ಟೆಗೆ ಇಳಿಯುವುದಿಲ್ಲ. ‘ಜೇನು ಅಂದರೆ ನೊಣದ ವಾಂತಿ’ ಎಂದು ಯಾರಾದರೂ ನಿಮ್ಮನ್ನು ಕಾಡಿಸಿದರೆ ಈ ಕವಾಟದ ವಿಷಯ ಹೇಳಿ.

ಗೂಡಿಗೆ ಬಂದ ನೊಣ ರಸವನ್ನು ಮನೆಯೊಳಗಿನ ನೊಣದ ಬಾಯಿಗೆ ದಾಟಿಸುತ್ತದೆ. ಅದು ಮತ್ತೊಂದಕ್ಕೆ ಕೊಡುತ್ತದೆ. ಹೀಗೆ ಬಾಯಿಂದ ಬಾಯಿಗೆ ಹೋಗುವಾಗ ನೊಣದ ಗ್ರಂಥಿಗಳಿಂದ ಇನ್ವರ್ಟೇಸ್ ಎಂಬ ಕಿಣ್ವ ಸೇರುತ್ತದೆ. ಅನೇಕ ಹೂಗಳ ಮಕರಂದದ ಸಕ್ಕರೆಯಲ್ಲಿ ಬಹುಪಾಲು ಸುಕ್ರೋಸ್, ಅಂದರೆ ನಮ್ಮ ಡಬ್ಬಿಯ ಸಕ್ಕರೆಯಲ್ಲಿರುವುದೇ. ಕಿಣ್ವ ಅದನ್ನು ಗ್ಲೂಕೋಸ್ ಮತ್ತು ಫ್ರುಕ್ಟೋಸ್ ಎಂಬ ಎರಡು ಚಿಕ್ಕ ಸಕ್ಕರೆಗಳಾಗಿ ಒಡೆಯುತ್ತದೆ. ಜೊತೆಜೊತೆಗೇ ನೊಣಗಳು ರಸದ ಹನಿಯನ್ನು ಬಾಯಿಯ ತುದಿಯಲ್ಲಿ ತೆಳ್ಳಗೆ ಹರಡಿ ಹಿಡಿಯುತ್ತವೆ, ಮತ್ತೆ ಒಳಗೆಳೆದುಕೊಳ್ಳುತ್ತವೆ, ಮತ್ತೆ ಹರಡುತ್ತವೆ. ಆಮೇಲೆ ಮೇಣದ ಕೋಣೆಗಳ ಗೋಡೆಗೆ ಅಂಟಿಸಿ, ಸಾಲಾಗಿ ನಿಂತು ರೆಕ್ಕೆ ಬೀಸುತ್ತವೆ. ಕಬ್ಬಿನಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ ಬೆಲ್ಲ ಮಾಡುವ ಕೆಲಸವನ್ನು ಅವು ಬೆಂಕಿಯಿಲ್ಲದೆ, ಬರೀ ಗಾಳಿಯಿಂದ ಮಾಡುತ್ತವೆ ಅನ್ನಿ.

ಈಗ ಒಂದು ಲೆಕ್ಕ. ಒಂದು ಕಿಲೋ ಜೇನಿನಲ್ಲಿ 200 ಗ್ರಾಂ ನೀರು, 800 ಗ್ರಾಂ ಸಕ್ಕರೆ ಎಂದು ಇಟ್ಟುಕೊಳ್ಳೋಣ. ನೊಣ ತಂದ ಮಕರಂದದಲ್ಲಿ ನೂರಕ್ಕೆ 20 ಭಾಗ ಮಾತ್ರ ಸಕ್ಕರೆ ಇತ್ತು ಎಂದೂ ಇಟ್ಟುಕೊಳ್ಳಿ. ಹಾಗಾದರೆ ಎಷ್ಟು ಮಕರಂದ ಬೇಕು? ನಾಲ್ಕು ಕಿಲೋ. ಅಂದರೆ ಮೂರು ಕಿಲೋ ನೀರನ್ನು ರೆಕ್ಕೆ ಬೀಸಿಯೇ ಆರಿಸಬೇಕು. ಯುರೋಪಿನ ಜೇನ್ನೊಣಗಳ ಲೆಕ್ಕ ಹಾಕಿದವರು, ಒಂದು ಕೆಲಸಗಾರ ನೊಣ ಜೀವಮಾನವಿಡೀ ದುಡಿದರೆ ಟೀ ಚಮಚೆಯ 12ರಲ್ಲಿ ಒಂದು ಪಾಲಿನಷ್ಟು ಜೇನು ಆಗುತ್ತದೆ ಎನ್ನುತ್ತಾರೆ. ನಮ್ಮ ಊರಿನ ನೊಣ ಅದಕ್ಕಿಂತಲೂ ಚಿಕ್ಕದು.

ರಸ ಸಾಕಷ್ಟು ಗಟ್ಟಿಯಾಯಿತು ಎಂದು ತಿಳಿದ ಮೇಲೆ ನೊಣಗಳು ಪ್ರತಿ ಕೋಣೆಯ ಬಾಯಿಗೂ ಮೇಣದ ಮುಚ್ಚಳ ಹಾಕುತ್ತವೆ. ಜೇನು ಸಾಕುವವರು ಈ ಮುಚ್ಚಳಕ್ಕಾಗಿ ಕಾಯುತ್ತಾರೆ. ಮುಚ್ಚಳ ಬೀಳುವ ಮೊದಲೇ ಅವಸರಪಟ್ಟು ತೆಗೆದರೆ ಆ ಜೇನು ಹಸಿ. ಅದರಲ್ಲಿ ನೀರು ಹೆಚ್ಚು, ಕೆಲವೇ ದಿನಗಳಲ್ಲಿ ನೊರೆ ಬಂದು ಹುಳಿಯುತ್ತದೆ.

ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಗಾಳಿ ಒಣಗಿದ್ದರೆ ತಾನೇ ನೀರು ಆರುವುದು? ಮಂಗಳೂರಿನಲ್ಲಿ ವರ್ಷಕ್ಕೆ ಮೂರು ಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ, ಮಳೆ ಇಲ್ಲದಾಗಲೂ ಸಮುದ್ರದ ತೇವ ಇದ್ದೇ ಇದೆ. ಆದ್ದರಿಂದ ನಮ್ಮ ಕಡೆ ಸಾಕುವ ತುಡುವೆ ಎಂಬ ನೊಣದ ಜೇನು ಒಣ ಸೀಮೆಯ ಜೇನಿಗಿಂತ ತುಸು ತೆಳ್ಳಗೇ ಇರುತ್ತದೆ. ಅದು ಮೋಸವಲ್ಲ, ನಮ್ಮ ಹವೆಯ ಗುಣ. ಜೇನಿಗೆ ಇನ್ನೊಂದು ಸ್ವಭಾವವೂ ಇದೆ: ಸುತ್ತಲಿನ ಗಾಳಿ ಬಹಳ ತೇವವಾಗಿದ್ದರೆ ಆ ತೇವವನ್ನು ಹೀರಿಕೊಳ್ಳುತ್ತದೆ. ಆಟಿ ತಿಂಗಳಲ್ಲಿ ಬಾಟಲಿಯ ಮುಚ್ಚಳ ತೆರೆದಿಟ್ಟರೆ ಮೇಲ್ಪದರ ನೀರಾಗುತ್ತದೆ, ಆಮೇಲೆ ಹುಳಿ ವಾಸನೆ ಬರುತ್ತದೆ. ನೊಣಗಳು ಪಾಡುಪಟ್ಟು ಹೊರಹಾಕಿದ ನೀರನ್ನು ನಾವು ನಿರ್ಲಕ್ಷ್ಯದಿಂದ ವಾಪಸು ಕರೆದಂತಾಯಿತು. ಮುಚ್ಚಳ ಬಿಗಿಯಾಗಿರಲಿ, ಚಮಚೆ ಒಣಗಿರಲಿ.

ಜೇನಿನಲ್ಲಿ ಎಷ್ಟು ಬಗೆ? ಎರಡು ರೀತಿಯಲ್ಲಿ ಎಣಿಸಬಹುದು. ಯಾವ ನೊಣದ್ದು ಎಂಬುದು ಒಂದು, ಯಾವ ಗಿಡದ್ದು ಎಂಬುದು ಇನ್ನೊಂದು. ನಮ್ಮ ಹಳಬರು ಮೊದಲನೆಯ ರೀತಿಯನ್ನು ಹಿಡಿದಿದ್ದರು. ಚರಕಸಂಹಿತೆಯಲ್ಲಿ ನಾಲ್ಕು ಬಗೆಯ ಜೇನು, ಸುಶ್ರುತಸಂಹಿತೆಯಲ್ಲಿ ಎಂಟು ಬಗೆ. ಎರಡರಲ್ಲೂ ಹೆಚ್ಚಿನ ಹೆಸರುಗಳು ನೊಣದ ಜಾತಿಯ ಮೇಲೆ ಬಂದವು.

ದಕ್ಷಿಣ ಕನ್ನಡದಲ್ಲಿ ನಾಲ್ಕು ನೊಣಗಳನ್ನು ಗುರುತಿಸಲು ಕಲಿತರೆ ಸಾಕು. ಹೆಜ್ಜೇನು ಎಲ್ಲಕ್ಕಿಂತ ದೊಡ್ಡದು. ಎತ್ತರದ ಮರದ ಕೊಂಬೆ, ನೀರಿನ ಟ್ಯಾಂಕಿ, ಬಹುಮಹಡಿ ಕಟ್ಟಡದ ಸಜ್ಜೆಯ ಅಡಿಯಲ್ಲಿ ಒಂದೇ ಒಂದು ದೊಡ್ಡ ಎರಿ ಕಟ್ಟಿ ಬಯಲಲ್ಲೇ ನೇತಾಡುತ್ತದೆ. ಕಾಲಕ್ಕೆ ತಕ್ಕಂತೆ ಊರಿಂದೂರಿಗೆ ವಲಸೆ ಹೋಗುತ್ತದೆ, ಆದ್ದರಿಂದ ಅದನ್ನು ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ. ಕಣಜ ಹತ್ತಿರ ಬಂದರೆ ಎರಿಯ ಮೇಲಿನ ಸಾವಿರಾರು ನೊಣಗಳು ಒಂದರ ಹಿಂದೆ ಒಂದು ಬಾಲ ಎತ್ತಿ, ಇಡೀ ಎರಿಯ ಮೇಲೆ ಅಲೆ ಹರಿದಂತೆ ಮಾಡಿ ಅದನ್ನು ಹೆದರಿಸುತ್ತವೆ. ದೂರದಿಂದ ನೋಡಿ ಆನಂದಿಸಿ, ಕಲ್ಲು ಮಾತ್ರ ಎಸೆಯಬೇಡಿ. ಹೆಜ್ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡಿ ಯಾವುದಾದರೂ ಮನೆ ಸೇರಿ ಬಾಗಿಲು ಹಾಕಿಕೊಳ್ಳಬೇಕು.

ಕೋಲುಜೇನು ಪೊದೆಯ ಸಣ್ಣ ಕೋಲಿಗೆ ಅಂಗೈಯಗಲದ ಎರಿ ಕಟ್ಟುತ್ತದೆ. ಅದರಲ್ಲಿ ಸಿಗುವ ಜೇನು ಬಹಳ ಕಡಿಮೆ, ಬಿಟ್ಟುಬಿಡುವುದೇ ಒಳ್ಳೆಯದು.

ತುಡುವೆ ಜೇನು ನಮ್ಮ ತೋಟಗಳ ನೊಣ. ಮರದ ಪೊಟರೆ, ಹುತ್ತ ಮುಂತಾದ ಕತ್ತಲ ಜಾಗದಲ್ಲಿ ಪಕ್ಕಪಕ್ಕದಲ್ಲಿ ಅನೇಕ ಎರಿ ಕಟ್ಟುತ್ತದೆ. ಕತ್ತಲು ಬೇಕು, ಹಲವು ಎರಿ ಬೇಕು ಎಂಬ ಈ ಅಭ್ಯಾಸದಿಂದಲೇ ಅದು ಪೆಟ್ಟಿಗೆಗೆ ಒಗ್ಗಿತು. ಒಳ್ಳೆಯ ವರ್ಷದಲ್ಲಿ ಒಂದು ಪೆಟ್ಟಿಗೆಯಿಂದ ಕೆಲವು ಕಿಲೋ ಜೇನು ಸಿಗುತ್ತದೆ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಪ್ರೀತಿಯದು. ಮುಜಂಟಿ. ಘಟ್ಟದ ಕಡೆ ಮಿಸರಿ ಎನ್ನುತ್ತಾರೆ. ಬರೀ ಮೂರು ನಾಲ್ಕು ಮಿಲಿಮೀಟರು ಉದ್ದದ ಕಪ್ಪು ನೊಣ, ಚುಚ್ಚುವ ಮುಳ್ಳು ಇಲ್ಲ. ಹಳೆಯ ಮುರಕಲ್ಲಿನ ಗೋಡೆಯ ಬಿರುಕಿನಿಂದ ಮೇಣದ ಪುಟ್ಟ ಕೊಳವೆ ಹೊರಚಾಚಿದ್ದು ಕಂಡರೆ ಅದು ಮುಜಂಟಿಯ ಬಾಗಿಲು. ಇವುಗಳ ಗೂಡಿನಲ್ಲಿ ಆರು ಮೂಲೆಯ ಕೋಣೆಗಳಲ್ಲಿ ಜೇನು ಇರುವುದಿಲ್ಲ. ಮರದ ಅಂಟನ್ನು ಮೇಣದೊಂದಿಗೆ ಬೆರೆಸಿ ಮಾಡಿದ ಗುಂಡಗಿನ ಕುಡಿಕೆಗಳಲ್ಲಿ ತುಂಬಿಸಿರುತ್ತವೆ. ಆ ಜೇನು ತೆಳು, ಸಿಹಿಯ ಜೊತೆ ಹುಳಿ, ಅಂಟಿನ ಒಗರು. ಒಂದು ಗೂಡಿನಲ್ಲಿ ವರ್ಷಕ್ಕೆ ಸಿಗುವುದು ಕೆಲವು ನೂರು ಗ್ರಾಂ ಮಾತ್ರ, ಹಾಗಾಗಿ ಬೆಲೆ ಹೆಚ್ಚು. 2020ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಅಲ್ಲಿನ, ಮಲೇಷ್ಯಾದ ಮತ್ತು ಬ್ರೆಜಿಲ್‌ನ ಮುಳ್ಳಿಲ್ಲದ ಜೇನ್ನೊಣಗಳ ತುಪ್ಪ ಪರೀಕ್ಷಿಸಿದಾಗ ಅದರಲ್ಲಿ ಟ್ರೆಹಾಲುಲೋಸ್ ಎಂಬ ಅಪರೂಪದ ಸಕ್ಕರೆ ಹೇರಳವಾಗಿ ಕಂಡಿತು. ಅದು ರಕ್ತಕ್ಕೆ ನಿಧಾನವಾಗಿ ಸೇರುವ ಸಕ್ಕರೆ. ಆಸ್ಟ್ರೇಲಿಯಾದ ಆ ನೊಣಗಳಲ್ಲಿ ನಮ್ಮ ಮುಜಂಟಿಯ ಹತ್ತಿರದ ನೆಂಟರೂ ಇದ್ದವು. ನಿಮ್ಮಲ್ಲಿ ಯಾರಾದರೂ ದೊಡ್ಡವರಾದ ಮೇಲೆ ಮುರಕಲ್ಲಿನ ಗೋಡೆಯ ಮುಜಂಟಿಯ ಮೇಲೆ ಇಂಥ ಕೆಲಸ ಮಾಡಬೇಕು ಎಂಬುದು ನನ್ನ ಆಸೆ.

ಇನ್ನು ಗಿಡದ ಲೆಕ್ಕ. ನೇರಳೆ ಹೂವಿನ ಜೇನಿಗೆ ಸ್ವಲ್ಪ ಕಹಿ ಉಂಟು. ಅಂಟುವಾಳದ್ದಕ್ಕೆ ಬೇರೆ ಪರಿಮಳ. ಕೊಡಗಿನ ಕಾಫಿ ಹೂವಿನ ಜೇನು ಬೇರೆಯೇ. ಬಣ್ಣವೂ ಗಿಡದಿಂದ ಗಿಡಕ್ಕೆ ಬದಲಾಗುತ್ತದೆ, ಒಂದು ತಿಳಿ ಹಳದಿಯಾದರೆ ಇನ್ನೊಂದು ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪು. ತೆಂಗು, ಅಡಿಕೆಯ ಹಿಂಗಾರದಿಂದ ನೊಣಗಳು ಮುಖ್ಯವಾಗಿ ಪರಾಗ ಒಯ್ಯುತ್ತವೆ. ಅದು ಮರಿಗಳಿಗೆ ಪ್ರೋಟೀನಿನ ಊಟ.

ಆದರೆ ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯಿಂದ ಮಂಗಳೂರಿನ ಅಂಗಡಿಗಳಿಗೆ ಬರುವ ಜೇನಿನಲ್ಲಿ ದೊಡ್ಡ ಪಾಲು ಯಾವ ಹೂವಿನದೂ ಅಲ್ಲ ಅಂದರೆ ನಂಬುತ್ತೀರಾ? ಅದು ರಬ್ಬರ್ ಮರದ ಎಲೆಯ ಜೇನು. ರಬ್ಬರ್ ಮರ ಚಳಿಗಾಲದಲ್ಲಿ ಎಲೆ ಉದುರಿಸಿ, ಮತ್ತೆ ತಾಮ್ರದ ಬಣ್ಣದ ಚಿಗುರು ಬಿಡುತ್ತದೆ. ಎಲೆಯ ತೊಟ್ಟಿನ ತುದಿಯಲ್ಲಿ, ಮೂರು ಎಲೆಗಳು ಕೂಡುವಲ್ಲಿ, ಪುಟ್ಟ ಗ್ರಂಥಿಗಳಿವೆ. ಎಳೆ ಎಲೆ ಬಲಿಯುವ ಹೊತ್ತಿಗೆ, ಸುಮಾರು ಫೆಬ್ರವರಿ ಮಾರ್ಚ್‌ನಲ್ಲಿ, ಅಲ್ಲಿಂದ ಸಿಹಿರಸ ಒಸರುತ್ತದೆ. ಕೈಮುಟ್ಟಿದರೆ ಅಂಟುತ್ತದೆ. ಆಗ ರಬ್ಬರ್ ತೋಟದೊಳಗೆ ನಿಂತರೆ ತಲೆಯ ಮೇಲೆ ಒಂದೇ ಸಮನೆ ಝೇಂಕಾರ. ಪೆಟ್ಟಿಗೆ ಇಟ್ಟವರಿಗೆ ಸುಗ್ಗಿ. ಅಮೆಜಾನ್ ಕಾಡಿನ ಮರ ಟಯರಿಗಾಗಿ ಇಲ್ಲಿಗೆ ಬಂತು, ನಮ್ಮ ತುಡುವೆ ಅದರಲ್ಲಿ ತನ್ನ ಅನ್ನ ಕಂಡುಕೊಂಡಿತು.

ಪೆಟ್ಟಿಗೆಯ ಕಥೆಯನ್ನೂ ಸ್ವಲ್ಪ ಹೇಳಬೇಕು. ಹಿಂದೆ ಹೊಗೆ ಹಾಕಿ, ಗೂಡು ಕಿತ್ತು, ಎರಿಯನ್ನು ಮರಿಗಳ ಸಮೇತ ಹಿಂಡುತ್ತಿದ್ದರು. ನೊಣದ ಸಂಸಾರ ಹಾಳು, ಜೇನಿಗೂ ಮರಿಯ ರಸ ಸೇರಿ ಬೇಗ ಹುಳಿ. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ, ಎರಿಗಳ ನಡುವೆ ನೊಣ ಓಡಾಡುವಷ್ಟೇ ಜಾಗ ಬಿಟ್ಟರೆ ಅದನ್ನು ಮೇಣದಿಂದ ಮುಚ್ಚುವುದಿಲ್ಲ ಎಂಬುದನ್ನು ಕಂಡು, ಎತ್ತಿ ಇಡಬಹುದಾದ ಚೌಕಟ್ಟುಗಳ ಪೆಟ್ಟಿಗೆ ಮಾಡಿದರು. ಅದು ಯುರೋಪಿನ ದೊಡ್ಡ ನೊಣಕ್ಕೆ ಸರಿ. ನಮ್ಮ ಪುಟ್ಟ ತುಡುವೆಗೆ ತಕ್ಕ ಸಣ್ಣ ಪೆಟ್ಟಿಗೆಯನ್ನು 1910ರ ಸುಮಾರಿಗೆ ಮಾಡಿದವರು ತಿರುಚಿರಾಪಳ್ಳಿಯಲ್ಲಿದ್ದ ಫಾದರ್ ನ್ಯೂಟನ್. ಸೇಬಿನ ಮರದ ನ್ಯೂಟನ್ ಅಲ್ಲ, ಇವರು ಬೇರೆ. ದಕ್ಷಿಣ ಭಾರತದಲ್ಲಿ ಇಂದಿಗೂ ಅದಕ್ಕೆ ನ್ಯೂಟನ್ ಪೆಟ್ಟಿಗೆ ಎಂದೇ ಹೆಸರು. ಕೆಳಗೆ ಸಂಸಾರದ ಕೋಣೆ, ಮೇಲೆ ಜೇನಿನ ಕೋಣೆ. ಮೇಲಿನ ಚೌಕಟ್ಟನ್ನು ಮಾತ್ರ ತೆಗೆದು, ಮುಚ್ಚಳದ ಮೇಣ ಸವರಿ, ತಿರುಗುವ ಯಂತ್ರದಲ್ಲಿಟ್ಟರೆ ಜೇನು ಹೊರಗೆ ಸಿಡಿಯುತ್ತದೆ. ಎರಿ ಹಾಗೇ ಉಳಿಯುತ್ತದೆ, ನೊಣಗಳಿಗೆ ವಾಪಸು.

ಪುತ್ತೂರಿನಲ್ಲಿ ಜೇನು ವ್ಯವಸಾಯಗಾರರ ಸಹಕಾರ ಸಂಘ ಬೆಳೆದದ್ದು ಈ ಪೆಟ್ಟಿಗೆಗಳ ಬಲದಿಂದ. ಆದರೆ 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂತು. ಮರಿಹುಳುಗಳು ಕೋಣೆಯಲ್ಲೇ ನೀರು ತುಂಬಿದ ಚೀಲದಂತಾಗಿ ಸತ್ತವು. ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಆಗ ನಾಶವಾದವು, ಎಷ್ಟೋ ಮನೆಗಳಲ್ಲಿ ಖಾಲಿ ಪೆಟ್ಟಿಗೆ ಅಟ್ಟ ಸೇರಿತು. ರೋಗವನ್ನು ತಾಳಿಕೊಂಡು ಉಳಿದ ಕೆಲವು ಕುಟುಂಬಗಳಿಂದ ಈಗ ಮತ್ತೆ ಹೆಚ್ಚಿವೆ. ಇವತ್ತು ನೀವು ಚಪ್ಪರಿಸುವ ತುಡುವೆ ಜೇನು ಆ ಬದುಕಿ ಉಳಿದವುಗಳ ವಂಶದ್ದು.

ಈಗ ಆರೋಗ್ಯದ ಮಾತು. ಜೇನಿನಲ್ಲಿ ಸಕ್ಕರೆ ಎಷ್ಟು ದಟ್ಟವಾಗಿದೆಯೆಂದರೆ, ಅದರೊಳಗೆ ಬಿದ್ದ ರೋಗಾಣುವಿನ ಮೈಯ ನೀರನ್ನೇ ಅದು ಎಳೆದುಕೊಳ್ಳುತ್ತದೆ. ಜೊತೆಗೆ ಜೇನು ತುಸು ಆಮ್ಲೀಯ. ನೊಣ ಸೇರಿಸಿದ ಇನ್ನೊಂದು ಕಿಣ್ವ, ಗ್ಲೂಕೋಸ್ ಆಕ್ಸಿಡೇಸ್, ಜೇನಿಗೆ ಸ್ವಲ್ಪ ನೀರು ತಾಗಿದಾಗ ಎಚ್ಚರಗೊಂಡು ಹೈಡ್ರೋಜನ್ ಪೆರಾಕ್ಸೈಡನ್ನು ಹನಿಹನಿಯಾಗಿ ತಯಾರಿಸುತ್ತದೆ. ಗಾಯ ತೊಳೆಯಲು ಬಳಸುತ್ತಿದ್ದ ಔಷಧಿಯೇ ಅದು. ಸುಮಾರು 3,600 ವರ್ಷ ಹಿಂದಿನ ಈಜಿಪ್ಟಿನ ವೈದ್ಯರು ಗಾಯಕ್ಕೆ ಜೇನು ಹಚ್ಚುತ್ತಿದ್ದರು, ಈಗಿನ ಆಸ್ಪತ್ರೆಗಳಲ್ಲೂ ಗಾಯದ ಪಟ್ಟಿಗೆ ಜೇನು ಬಳಸುವುದುಂಟು. ಆದರೆ ಅದು ವಿಕಿರಣದಿಂದ ಶುದ್ಧ ಮಾಡಿದ ಜೇನು. ಅಡುಗೆಮನೆಯ ಬಾಟಲಿಯಿಂದ ದೊಡ್ಡ ಗಾಯಕ್ಕೆ ಸುರಿಯಬಾರದು. ಅದಕ್ಕೆ ಹಂಪನಕಟ್ಟೆಯಲ್ಲೇ 1848ರಿಂದ ಇರುವ ವೆನ್ಲಾಕ್ ಆಸ್ಪತ್ರೆ ಇದೆ.

ಕೆಮ್ಮಿಗೆ ಜೇನು ಎಂದು ಅಜ್ಜಿ ಹೇಳಿದ್ದು ಸರಿ. 2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಶೀತವಾಗಿದ್ದ 105 ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಮಲಗುವ ಮೊದಲು ಒಂದು ಸಲ ಜೇನು ಕೊಟ್ಟ ಮಕ್ಕಳ ರಾತ್ರಿ ಕೆಮ್ಮು, ಏನೂ ಕೊಡದ ಮಕ್ಕಳಿಗಿಂತ ಹೆಚ್ಚು ಇಳಿದಿತ್ತು. ಕೆರೆತವಿರುವ ಗಂಟಲಿಗೆ ಜೇನು ತೆಳ್ಳನೆಯ ಲೇಪವಾಗಿ ನಿಲ್ಲುತ್ತದೆ. ಕೆಮ್ಮು ವಾರಗಟ್ಟಲೆ ಬಿಡದಿದ್ದರೆ, ಜ್ವರ ಇದ್ದರೆ, ಜೇನಿನ ಕೆಲಸ ಮುಗಿಯಿತು, ವೈದ್ಯರ ಕೆಲಸ ಶುರು.

ಒಂದು ಮಾತನ್ನು ಮಾತ್ರ ಮನೆಯಲ್ಲಿ ದೊಡ್ಡವರಿಗೂ ಹೇಳಿ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವುದು, ಬಜೆ ತೇದು ಜೇನಿನಲ್ಲಿ ಕೊಡುವುದು ನಮ್ಮಲ್ಲಿ ಪ್ರೀತಿಯಿಂದ ನಡೆದು ಬಂದದ್ದು. ಆದರೆ ಎಷ್ಟು ಶುದ್ಧ ಜೇನಿನಲ್ಲೂ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಜೇನಿನಲ್ಲಿ ನೀರು ಸಾಲದೆ ಅವು ಮಲಗಿರುತ್ತವೆ. ನಿಮ್ಮ ನಮ್ಮ ಕರುಳಿನಲ್ಲಿ ಅವು ಬೆಳೆಯಲಾರವು. ಎಳೆಗೂಸಿನ ಕರುಳಿನಲ್ಲಿ ಎದ್ದು ಬೆಳೆದು, ಸ್ನಾಯುಗಳ ಬಲ ಕುಂದಿಸುವ ವಿಷ ಬಿಡುತ್ತವೆ, ಉಸಿರಾಟಕ್ಕೇ ತೊಂದರೆಯಾಗಬಹುದು. ಇದು ಅಪರೂಪ ನಿಜ. ಆದರೂ ಒಂದು ವರ್ಷ ಕಾಯುವುದರಲ್ಲಿ ನಷ್ಟವೇನೂ ಇಲ್ಲ.

ಮತ್ತೆ, ಜೇನು ಎಷ್ಟಾದರೂ ಸಕ್ಕರೆಯೇ. ಸಕ್ಕರೆ ಕಾಯಿಲೆ ಇರುವ ಅಜ್ಜ ‘ಜೇನಾದರೆ ಪರವಾಗಿಲ್ಲ’ ಎಂದು ಚಹಾಕ್ಕೆ ಸುರಿದುಕೊಂಡರೆ ತಡೆಯಿರಿ. ತೀರಾ ಬಿಸಿ ಮಾಡಿದರೆ ಕಿಣ್ವಗಳು ಹಾಳಾಗುತ್ತವೆ, ಆದ್ದರಿಂದ ಕುದಿಯುವ ನೀರಿಗೆ ಹಾಕದೆ ಉಗುರುಬೆಚ್ಚಗಾದ ಮೇಲೆ ಬೆರೆಸಿ.

ಅಸಲಿ ಜೇನನ್ನು ಗುರುತಿಸುವುದು ಹೇಗೆ ಎಂದು ನೀವು ಕೇಳಿಯೇ ಕೇಳುತ್ತೀರಿ. ನೀರಿನ ಲೋಟಕ್ಕೆ ಹನಿ ಬಿಡುವುದು, ಬತ್ತಿ ಅದ್ದಿ ಉರಿಸುವುದು, ಇವು ಯಾವುವನ್ನೂ ನಂಬಬೇಡಿ. ಗಟ್ಟಿ ಸಕ್ಕರೆ ಪಾಕವೂ ಲೋಟದ ತಳಕ್ಕೆ ನೇರ ಇಳಿಯುತ್ತದೆ, ನಮ್ಮ ಕರಾವಳಿಯ ತೆಳು ಜೇನು ಬೇಗ ಕರಗಬಹುದು. ತಳದಲ್ಲಿ ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಎನ್ನುವುದೂ ತಪ್ಪು. ಗ್ಲೂಕೋಸ್ ಹೆಚ್ಚಿರುವ ಜೇನು, ಅದರಲ್ಲೂ ತಂಪಾದಾಗ, ತಾನಾಗಿ ಹರಳುಗಟ್ಟುತ್ತದೆ. ಬಾಟಲಿಯನ್ನು ಬೆಚ್ಚನೆಯ ನೀರಿನಲ್ಲಿ ನಿಲ್ಲಿಸಿದರೆ ಕರಗುತ್ತದೆ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡುಗಳ ಜೇನನ್ನು ಪರೀಕ್ಷೆ ಮಾಡಿಸಿದ ಫಲಿತಾಂಶ ಪ್ರಕಟಿಸಿತು. ಎಲ್ಲ ಪರೀಕ್ಷೆಗಳಲ್ಲಿ ಪಾಸಾದದ್ದು ಮೂರು ಮಾತ್ರ. ಕಲಬೆರಕೆ ಗೊತ್ತಾಗಲು ಎನ್‌ಎಂಆರ್ ಎಂಬ ದೊಡ್ಡ ಯಂತ್ರವೇ ಬೇಕಾಯಿತು. ಲ್ಯಾಬಿಗೇ ಇಷ್ಟು ಕಷ್ಟವಾದದ್ದು ಲೋಟದ ನೀರಿನಲ್ಲಿ ತಿಳಿಯುವುದು ಹೇಗೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ನೊಣಗಳಿಗೆ ಹಸಿವಿನ ಕಾಲ. ಮಳೆಗೆ ಹೊರಗೆ ಹಾರಲಾಗುವುದಿಲ್ಲ, ಹೂವಿನ ರಸ ತೊಳೆದು ಹೋಗಿರುತ್ತದೆ. ಅವು ಜೇನು ಕೂಡಿಟ್ಟದ್ದೇ ಈ ತಿಂಗಳುಗಳಿಗೆ. ಒಳ್ಳೆಯ ಸಾಕಣೆಗಾರರು ಎಲ್ಲವನ್ನೂ ತೆಗೆಯದೆ ಒಂದಿಷ್ಟು ಉಳಿಸುತ್ತಾರೆ, ಸಾಲದಿದ್ದರೆ ಸಕ್ಕರೆ ಪಾಕ ಇಡುತ್ತಾರೆ. ಪೇಟೆಯ ನೊಣಗಳಿಗೆ ಇನ್ನೊಂದು ಅಪಾಯವಿದೆ. ಕುಡಿದು ಬಿಸಾಡಿದ ಕಾಗದದ ಲೋಟಗಳ ತಳದ ಸಿಹಿಗೆ ಬಂದ ಜೇನ್ನೊಣಗಳು ಅಲ್ಲೇ ಸಿಕ್ಕಿ ರಾಶಿರಾಶಿಯಾಗಿ ಸಾಯುವುದನ್ನು ತಮಿಳುನಾಡಿನ ಸಂಶೋಧಕರು ಎಣಿಸಿ 2011ರಲ್ಲಿ ಪ್ರಕಟಿಸಿದ್ದಾರೆ. ಜ್ಯೂಸ್ ಕುಡಿದಾದ ಮೇಲೆ ಲೋಟವನ್ನು ಮುಚ್ಚಳವಿರುವ ಬುಟ್ಟಿಗೇ ಹಾಕಿ.

ಮುಂದಿನ ಸಲ ಮನೆಯವರ ಜೊತೆ ಜೇನು ಕೊಳ್ಳಲು ಹೋದಾಗ ಅಂಗಡಿಯವರಲ್ಲಿ ಮೂರು ಪ್ರಶ್ನೆ ಕೇಳಿ: ಇದು ಯಾವ ನೊಣದ್ದು, ಯಾವ ಊರಿನದ್ದು, ಯಾವ ತಿಂಗಳಲ್ಲಿ ತೆಗೆದದ್ದು? ಮೂರಕ್ಕೂ ಉತ್ತರ ಹೇಳಬಲ್ಲವರಿಂದ ಕೊಳ್ಳಿ.